ಬೇಸಿಗೆಯಲ್ಲಿ ಚರ್ಮದ ಆರೋಗ್ಯ: ಆಯುರ್ವೇದದ ದೃಷ್ಟಿ

ಮಾರ್ಚ್ ತಿಂಗಳು ಕಳೆಯುತ್ತಿದ್ದಂತೆ ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿ ಪ್ರದೇಶಗಳಲ್ಲಿ ಬಿಸಿಲಿನ ತಾಪ ಏರತೊಡಗುತ್ತದೆ. ಕೊಲಾಬಾದಂತೆ ಕಡಲಿಗೆ ಹೊಂದಿಕೊಂಡಿರದ ಕಲ್ಯಾಣ, ಡೊಂಬಿವಲಿಗಳಿಗೆ ಸಮುದ್ರದ ಗಾಳಿ ತಡವಾಗಿ ತಲುಪುವುದರಿಂದ ಅಲ್ಲಿ ಕೆಲವು ದಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ ಮೀರುವುದುಂಟು. ಗಾಳಿಯಲ್ಲಿ ತೇವಾಂಶವೂ ಹೆಚ್ಚಿರುವುದರಿಂದ ಬೆವರು ಬೇಗನೆ ಆರದೆ ಮೈಮೇಲೆಯೇ ನಿಲ್ಲುತ್ತದೆ. ಬೆವರಿನ ನಾಳಗಳ ಬಾಯಿ ಮುಚ್ಚಿಕೊಂಡಾಗ ಬೆವರುಸಾಲೆ ಏಳುತ್ತದೆ. ಕಂಕುಳು, ತೊಡೆಸಂದುಗಳಲ್ಲಿ ತೇವ ನಿಂತಾಗ ಶಿಲೀಂಧ್ರ ಬೆಳೆದು ಗಜಕರ್ಣ ಕಾಣಿಸಿಕೊಳ್ಳುತ್ತದೆ. ಕಿಕ್ಕಿರಿದ ಲೋಕಲ್ ರೈಲಿನಲ್ಲಿ ಪ್ರಯಾಣಿಸುವ ನೌಕರರು, ದಿನವಿಡೀ ಒಲೆಯ ಮುಂದೆ ನಿಲ್ಲುವ ಹೋಟೆಲ್ ಕೆಲಸಗಾರರು, ಕಟ್ಟಡ ಕಾರ್ಮಿಕರು ಮತ್ತು ಹಸುಗೂಸುಗಳು ಈ ತೊಂದರೆಗೆ ಹೆಚ್ಚಾಗಿ ಒಳಗಾಗುತ್ತಾರೆ.

ಆಯುರ್ವೇದವು ಚರ್ಮವನ್ನು ಕೇವಲ ಹೊರ ಹೊದಿಕೆಯೆಂದು ಭಾವಿಸುವುದಿಲ್ಲ. ಸುಶ್ರುತ ಸಂಹಿತೆಯಲ್ಲಿ ಚರ್ಮದ 7 ಪದರಗಳ ವಿವರಣೆ ಇದೆ. ಚರ್ಮದಲ್ಲಿ ನೆಲೆಸಿರುವ ಭ್ರಾಜಕ ಪಿತ್ತವು ಅದರ ಕಾಂತಿಗೆ ಕಾರಣವೆಂದು ಶಾಸ್ತ್ರದ ಅಭಿಪ್ರಾಯ. ಚರಕ ಸಂಹಿತೆ ಮತ್ತು ಅಷ್ಟಾಂಗ ಹೃದಯಗಳಲ್ಲಿ ಆಯಾ ಋತುವಿನಲ್ಲಿ ಅನುಸರಿಸಬೇಕಾದ ಆಹಾರ, ವಿಹಾರಗಳನ್ನು ಋತುಚರ್ಯೆ ಎಂಬ ಹೆಸರಿನಲ್ಲಿ ನಿರೂಪಿಸಲಾಗಿದೆ. ಗ್ರೀಷ್ಮದಲ್ಲಿ ಸೂರ್ಯನ ತಾಪವು ದೇಹದ ಜಿಡ್ಡನ್ನೂ ಬಲವನ್ನೂ ಹೀರಿಕೊಳ್ಳುತ್ತದೆ. ಆದುದರಿಂದ ಸಿಹಿಯಾದ, ತಂಪಾದ, ದ್ರವರೂಪದ ಹಗುರ ಆಹಾರ ಹಿತಕರ. ಅತಿಯಾದ ಉಪ್ಪು, ಹುಳಿ, ಖಾರ ಮತ್ತು ವ್ಯಾಯಾಮ ವರ್ಜ್ಯ.

ಹುರಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಕ್ಕರೆ ಬೆರೆಸಿದ ಮಂಥವೆಂಬ ಪಾನೀಯವನ್ನು ಚರಕ ಸಂಹಿತೆಯು ಈ ಋತುವಿಗೆ ಸೂಚಿಸಿದೆ. ಕನ್ನಡ ಮನೆತನಗಳ ಆಚರಣೆಯಲ್ಲಿಯೂ ಇದೇ ವಿವೇಕ ಅಡಗಿದೆ. ಶ್ರೀರಾಮನವಮಿಯಂದು ಹಂಚುವ ಬೆಲ್ಲದ ಪಾನಕ, ನೀರುಮಜ್ಜಿಗೆ, ಸೌತೆಕಾಯಿ ಬೆರೆಸಿದ ಹೆಸರುಬೇಳೆ ಕೋಸಂಬರಿ ಇವೆಲ್ಲ ಬೇಸಿಗೆಗೆ ಒಪ್ಪುವ ಆಹಾರಗಳೇ. ಊರು ಬಿಟ್ಟು ಬಂದ ಕುಟುಂಬಗಳು ಇವನ್ನು ಹಬ್ಬದ ಒಂದು ದಿನಕ್ಕೆ ಸೀಮಿತಗೊಳಿಸದೆ ಬೇಸಿಗೆಯುದ್ದಕ್ಕೂ ಬಳಸಬಹುದು. ಕೊಂಕಣದಲ್ಲಿ ಸುಲಭವಾಗಿ ದೊರೆಯುವ ಎಳನೀರು, ತಾಟಿನಿಂಗು ಸಹ ಉತ್ತಮ. ಮೊಸರಿನ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಗ್ರೀಷ್ಮದಲ್ಲಿ ಮೊಸರು ಸಾಮಾನ್ಯವಾಗಿ ಹಿತವಲ್ಲವೆಂದು ಚರಕ ಸಂಹಿತೆ ಹೇಳುತ್ತದೆ. ಕಡೆದು ಬೆಣ್ಣೆ ತೆಗೆದು ನೀರು ಬೆರೆಸಿದ ಮಜ್ಜಿಗೆ ಅದಕ್ಕಿಂತ ಹಗುರ. ಮಧುಮೇಹವುಳ್ಳವರು ಸಿಹಿ ಪಾನೀಯಗಳನ್ನು ಮಿತಗೊಳಿಸಬೇಕು.

ಹೊರಗಿನ ಆರೈಕೆಯೂ ಸರಳವಾದುದೇ. ದಿನಕ್ಕೆ ಎರಡು ಬಾರಿ ತಣ್ಣೀರಿನ ಸ್ನಾನ, ಸೋಪಿಗೆ ಬದಲಾಗಿ ನುಣ್ಣನೆಯ ಹೆಸರುಹಿಟ್ಟು, ಸ್ನಾನದ ಬಳಿಕ ಮೈಸಂದುಗಳನ್ನು ಚೆನ್ನಾಗಿ ಒರೆಸಿಕೊಳ್ಳುವುದು, ಸಡಿಲವಾದ ಹತ್ತಿಯ ಉಡುಪು ಇವು ಮೊದಲ ಕ್ರಮಗಳು. ಉರಿಯಿರುವೆಡೆ ಕಲ್ಲಿನ ಮೇಲೆ ತೇದ ಶ್ರೀಗಂಧ ಅಥವಾ ಲೋಳೆಸರದ ತಿರುಳನ್ನು ತೆಳುವಾಗಿ ಲೇಪಿಸಬಹುದು. ಲಾವಂಚದ ಬೇರು ನೆನೆಸಿದ ನೀರು ಕುಡಿಯಲು ತಂಪು. ಒಣ ಚರ್ಮದವರಿಗೆ ತೆಂಗಿನೆಣ್ಣೆಯ ಅಭ್ಯಂಗ ಹಿತವಾದರೂ, ಬೆವರುಸಾಲೆ ಎದ್ದಿರುವ ಮೈಗೆ ಎಣ್ಣೆ ಹಚ್ಚಬಾರದು. ಅದು ಬೆವರಿನ ದಾರಿಯನ್ನು ಮತ್ತಷ್ಟು ಮುಚ್ಚುತ್ತದೆ. ಸಹಜ ವಸ್ತುವೆಂಬ ಕಾರಣಕ್ಕೆ ಎಲ್ಲವೂ ನಿರಪಾಯಕಾರಿಯಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆ ಏಳಬಹುದು. ಯಾವುದೇ ಲೇಪವನ್ನು ಮೊದಲು ಮುಂಗೈಯ ಸ್ವಲ್ಪ ಭಾಗಕ್ಕೆ ಹಚ್ಚಿ ಪರೀಕ್ಷಿಸುವುದು ಕ್ಷೇಮ.

ಗಜಕರ್ಣಕ್ಕೆ ಅಂಗಡಿಯಿಂದ ಕೇಳಿ ತರುವ ಮುಲಾಮು ಇನ್ನೊಂದು ಅಪಾಯ. ಅನೇಕ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ಅದರಿಂದ ತುರಿಕೆ ಕೆಲವು ದಿನ ಅಡಗಿದರೂ ರೋಗ ಒಳಗೊಳಗೇ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಲೋಹ, ಪಾದರಸಗಳಿಂದ ತಯಾರಾದ ರಸೌಷಧಗಳನ್ನು ಸಹ ನೋಂದಾಯಿತ ವೈದ್ಯರ ಸಲಹೆಯಿಲ್ಲದೆ ಸೇವಿಸತಕ್ಕದ್ದಲ್ಲ. ಒಂದು ವಾರದಲ್ಲಿ ಗುಣ ಕಾಣದಿದ್ದರೆ, ಕೀವು ಅಥವಾ ಜ್ವರ ಬಂದರೆ ವೈದ್ಯರನ್ನು ಕಾಣಬೇಕು.

ಬಿಸಿಲಿನ ಬಾಧೆ ಚರ್ಮಕ್ಕೆ ಮಾತ್ರ ಸೀಮಿತವಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರ್‌ನಲ್ಲಿ ಬಯಲಿನಲ್ಲಿ ನಡೆದ ಬೃಹತ್ ಸಮಾರಂಭದ ತರುವಾಯ ಬಿಸಿಲಿನ ತಾಪದಿಂದ ಹಲವರು ಪ್ರಾಣ ಕಳೆದುಕೊಂಡರು. ತಲೆಸುತ್ತು, ವಾಂತಿ, ಮಾತು ತೊದಲುವುದು, ಮೈ ಕೆಂಡದಂತೆ ಸುಡುವುದು ಇವು ಅಪಾಯದ ಚಿಹ್ನೆಗಳು. ಅಂತಹ ಸಂದರ್ಭದಲ್ಲಿ ಮನೆಮದ್ದಿಗೆ ಸಮಯ ವ್ಯಯಿಸದೆ ರೋಗಿಯನ್ನು ನೆರಳಿಗೆ ಸಾಗಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಋತುವನ್ನರಿತು ನಡೆಯುವುದೇ ಋತುಚರ್ಯೆಯ ಸಾರ. ನಡುಹಗಲಿನ ಬಿಸಿಲಿನಿಂದ ದೂರವಿರುವುದು, ಬಾಯಾರುವ ಮುನ್ನವೇ ನೀರು ಕುಡಿಯುವುದು, ಮೈಯನ್ನು ಶುಚಿಯಾಗಿಯೂ ಒಣದಾಗಿಯೂ ಇಟ್ಟುಕೊಳ್ಳುವುದು ಇವು ಹೆಚ್ಚಿನ ಖರ್ಚಿಲ್ಲದ ಉಪಾಯಗಳು. ಮಳೆಗಾಲ ಬರುವವರೆಗೆ ಇವನ್ನು ತಪ್ಪದೆ ಪಾಲಿಸಿದಲ್ಲಿ ಬೇಸಿಗೆಯ ಬಹುಪಾಲು ಚರ್ಮಬಾಧೆಗಳನ್ನು ಮನೆಯಲ್ಲಿಯೇ ತಡೆಗಟ್ಟಬಹುದು.