ಅಂತರ್ಜಾಲದ ಮೂಲಕ ಕೃಷಿ ಉತ್ಪನ್ನಗಳ ಮಾರಾಟ: ರೈತರು ತಿಳಿದಿರಬೇಕಾದ ಕಾನೂನುಗಳು

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಅಧ್ಯಾಪಕನಾದ ನಾನು ಕಾನೂನಿನ ವಿಷಯ ಎತ್ತಿಕೊಂಡದ್ದು ತಮಗೆ ವಿಚಿತ್ರವೆನಿಸಬಹುದು. ಆದರೆ ತರಬೇತಿಗೆ ಬರುವ ತರುಣ ರೈತರು ಈಗ ಗೊಬ್ಬರದ ಪ್ರಮಾಣದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದಾರೆ: "ಸಾರ್, ನಮ್ಮ ಆಲೆಮನೆಯ ಬೆಲ್ಲವನ್ನು ಮೊಬೈಲಿನಲ್ಲೇ ಮಾರಬೇಕು ಅಂತಿದ್ದೀವಿ. ಏನೇನು ಕಾಗದಪತ್ರ ಬೇಕು?" ಈ ಪ್ರಶ್ನೆಗೆ ಸಾಧ್ಯವಾದಷ್ಟು ಸರಳವಾಗಿ ಉತ್ತರಿಸುವುದೇ ಇಂದಿನ ಮಾತಿನ ಉದ್ದೇಶ.

ಸಂತೆಯಲ್ಲಿ ಕೊಳ್ಳುವವನು ಬೆಲ್ಲದ ಅಚ್ಚನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ, ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ, ತಕ್ಕಡಿಯ ಮುಳ್ಳನ್ನು ಗಮನಿಸುತ್ತಾನೆ. ಅಂತರ್ಜಾಲದಲ್ಲಿ ಇದು ಯಾವುದೂ ಸಾಧ್ಯವಿಲ್ಲ. ಆದ್ದರಿಂದ ಅವನ ಕಣ್ಣು, ನಾಲಿಗೆ, ಕೈ ಮಾಡುತ್ತಿದ್ದ ಕೆಲಸವನ್ನು ನಿಮ್ಮ ಲೇಬಲ್ಲು ಮಾಡಬೇಕೆಂದು ಕಾನೂನು ಹೇಳುತ್ತದೆ. ಇದೊಂದು ತತ್ತ್ವವನ್ನು ನೆನಪಿಟ್ಟರೆ ಮುಂದಿನದೆಲ್ಲ ಸುಲಭ.

ಬೆಳೆ ಯಾವುದು, ಸರಕು ಯಾವುದು?

ರೈತನನ್ನು ರೈತನೆಂದೇ ಕಾಣುವಾಗ ನಮ್ಮ ಕಾನೂನುಗಳು ಉದಾರವಾಗಿವೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ರೈತನಿಗೂ, ಅವನು ತನ್ನ ಜಮೀನಿನ ಮಟ್ಟದಲ್ಲಿ ಉತ್ಪಾದಿಸಿದ ಬೆಳೆಗೂ ಅನ್ವಯಿಸುವುದಿಲ್ಲ. ಸ್ವಂತ ಸಾಗುವಳಿಯ ಫಸಲನ್ನು ಮಾರುವ ರೈತ, ಆ ಮಾರಾಟದ ಮಟ್ಟಿಗೆ, ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ.

ಆದರೆ ಈ ರಕ್ಷಣೆಗೆ ಎಲ್ಲೆಯುಂಟು. ಒಣಮೆಣಸಿನಕಾಯಿ ಬೆಳೆ, ಅದನ್ನು ಪುಡಿ ಮಾಡಿ ಪೊಟ್ಟಣ ಕಟ್ಟಿದರೆ ಸರಕು. ಕಬ್ಬು ಬೆಳೆ, ಬೆಲ್ಲ ಸರಕು. ನೆರೆಯವನಿಂದ ಕೊಂಡು ಮಾರಿದ ಫಸಲು ನಿಮ್ಮ ಸಾಗುವಳಿಯದಲ್ಲ, ಅದು ವ್ಯಾಪಾರ. ಜಿಎಸ್‌ಟಿ ಕಾಯಿದೆಯಲ್ಲಿ ಕೃಷಿಕನೆಂದರೆ ಸ್ವಂತ ಅಥವಾ ಮನೆಯವರ ದುಡಿಮೆಯಿಂದ, ಇಲ್ಲವೆ ತನ್ನ ಮೇಲ್ವಿಚಾರಣೆಯಲ್ಲಿ ಕೂಲಿಯವರಿಂದ, ಸಾಗುವಳಿ ಮಾಡುವ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ. ರೈತರೇ ಸೇರಿ ಕಟ್ಟಿದ್ದರೂ ಉತ್ಪಾದಕರ ಕಂಪನಿ ಈ ಅರ್ಥದಲ್ಲಿ ಕೃಷಿಕನಲ್ಲ.

ಆಹಾರ ನೋಂದಣಿ

ಬೆಲ್ಲ, ಉಪ್ಪಿನಕಾಯಿ, ಹಿಟ್ಟು, ಸಾಂಬಾರ ಪುಡಿ ಮುಂತಾದುವನ್ನು ತಯಾರಿಸಿ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಪಡೆಯತಕ್ಕದ್ದು. ಸಣ್ಣ ಉತ್ಪಾದಕನಿಗೆ ನೋಂದಣಿ, ದೊಡ್ಡವನಿಗೆ ಪರವಾನಗಿ. 2011ರ ನಿಯಮಗಳು ಬಂದಾಗ ನೋಂದಣಿಯ ಮಿತಿ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು ಎಂದಿತ್ತು. ಇಂಥ ಮಿತಿಗಳು ಪರಿಷ್ಕಾರವಾಗುವುದರಿಂದ ಅರ್ಜಿ ಹಾಕುವ ದಿನದ ಮಿತಿಯನ್ನು ನೋಡಿಕೊಳ್ಳಿ. ಇ-ವಾಣಿಜ್ಯಕ್ಕೆ ಕೇಂದ್ರ ಪರವಾನಗಿಯ ವರ್ಗವೇ ಬೇರೆ ಇದೆ. ಸ್ವಂತ ಜಾಲತಾಣ ತೆರೆಯುವವರು ಅದು ತಮಗೆ ಅನ್ವಯಿಸುತ್ತದೆಯೇ ಎಂದು ಆಹಾರ ಸುರಕ್ಷತಾ ಅಧಿಕಾರಿಯನ್ನು ಮೊದಲೇ ಕೇಳುವುದು ಲೇಸು. ದೊರೆತ 14 ಅಂಕಿಯ ಸಂಖ್ಯೆಯನ್ನು ಲೇಬಲ್ಲಿನಲ್ಲಿ ಮುದ್ರಿಸಬೇಕು.

ತೂಕ ಮತ್ತು ಲೇಬಲ್

ಕೊಳ್ಳುವವನು ಎದುರಿಗಿಲ್ಲದಾಗ ಮೊದಲೇ ತೂಗಿ ಕಟ್ಟಿಟ್ಟದ್ದೆಲ್ಲ ಕಾನೂನಿನ ಕಣ್ಣಿನಲ್ಲಿ ಪೊಟ್ಟಣದ ಸರಕು. ಇದಕ್ಕೆ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಮತ್ತು 2011ರ ಪೊಟ್ಟಣ ಸರಕು ನಿಯಮಗಳು ಅನ್ವಯಿಸುತ್ತವೆ. ತಯಾರಕನ ಅಥವಾ ಪೊಟ್ಟಣ ಕಟ್ಟಿದವನ ಹೆಸರು ವಿಳಾಸ, ಸರಕಿನ ಹೆಸರು, ನಿವ್ವಳ ತೂಕ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರಿಗೆ ಸಂಪರ್ಕ ಇಷ್ಟೂ ಪೊಟ್ಟಣದ ಮೇಲಿರಬೇಕು. ತಿಂಗಳು, ವರ್ಷ ಬಿಟ್ಟು ಉಳಿದವು ಮಾರಾಟದ ಪರದೆಯ ಮೇಲೂ ಕಾಣಬೇಕೆಂಬ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಪೊಟ್ಟಣ ಕಟ್ಟಲು ಪ್ರಾರಂಭಿಸಿದ 90 ದಿನಗಳೊಳಗೆ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ತಕ್ಕಡಿಗೆ ಇಲಾಖೆಯ ಮುದ್ರೆ ಇರಲಿ.

ಜಿಎಸ್‌ಟಿ

ಬಿಡಿಯಾಗಿ ಮಾರುವ ಬೆಲ್ಲಕ್ಕೆ ತೆರಿಗೆ ಇಲ್ಲ. 25 ಕಿಲೋವರೆಗಿನ ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇಕಡಾ 5 ತೆರಿಗೆ ಉಂಟು. ಕರ್ನಾಟಕದೊಳಗೆ ಮಾತ್ರ ಸರಕು ಮಾರುವವನು ವರ್ಷದ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ನೋಂದಣಿ ಮಾಡಿಸಬೇಕಾಗಿಲ್ಲ. ದೊಡ್ಡ ಮಾರಾಟ ಜಾಲತಾಣಗಳ ಮೂಲಕ ರಾಜ್ಯದೊಳಗೆ ಮಾರುವ ಸಣ್ಣವರಿಗೂ 2023ರ ಅಕ್ಟೋಬರ್ 1ರಿಂದ ಈ ಸೌಲಭ್ಯವಿದೆ. ಜಿಎಸ್‌ಟಿ ಜಾಲತಾಣದಲ್ಲಿ ದಾಖಲಾತಿ ಸಂಖ್ಯೆಯೊಂದನ್ನು ಪಡೆದರೆ ಸಾಕು.

ಗಡಿ ದಾಟಿದರೆ ಮಾತ್ರ ಲೆಕ್ಕ ಬೇರೆ. ಆನೇಕಲ್ಲಿನ ರೈತ ಪಕ್ಕದ ಹೊಸೂರಿಗೆ ಒಂದೇ ಒಂದು ಕಿಲೋ ಪೊಟ್ಟಣದ ಬೆಲ್ಲ ಮಾರಿ ಕಳುಹಿಸಿದರೂ ಅದು ಅಂತರರಾಜ್ಯ ಮಾರಾಟ. ತೆರಿಗೆಗೆ ಒಳಪಟ್ಟ ಸರಕಾದ್ದರಿಂದ ವಹಿವಾಟು ಎಷ್ಟೇ ಇರಲಿ, ನೋಂದಣಿ ಕಡ್ಡಾಯ. ಕೊರಿಯರ್ ಮೂಲಕ ಕಳುಹಿಸುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವೆಂದು ಸಂಸ್ಕರಣೆಯ ಲಾಭವನ್ನೂ ಅದರಲ್ಲೇ ಸೇರಿಸಬಾರದು. ಎರಡಕ್ಕೂ ಪ್ರತ್ಯೇಕ ಲೆಕ್ಕದ ಪುಸ್ತಕವಿರಲಿ.

ಹೇಳುವ ಮಾತು ನಿಜವಿರಲಿ

ಬಣ್ಣ ಬರಲೆಂದು ಹೈಡ್ರೋಸ್ ಹಾಕಿದ ಬೆಲ್ಲಕ್ಕೆ "ರಾಸಾಯನಿಕ ಮುಕ್ತ" ಎಂದು ಬರೆಯುವುದು ಅಪರಾಧ. ಆಹಾರದ ಬಗ್ಗೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. "ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ" ಎಂದು ಸಾರುವುದನ್ನು 1954ರಷ್ಟು ಹಿಂದೆಯೇ ಪ್ರತ್ಯೇಕ ಕಾಯಿದೆ ನಿಷೇಧಿಸಿದೆ. "ಸಾವಯವ" ಎಂದು ಅಂಗಡಿಗಳಿಗೂ ಇತರರ ಜಾಲತಾಣಗಳಿಗೂ ಕೊಡುವುದಾದರೆ ಪಿಜಿಎಸ್-ಇಂಡಿಯಾ ಅಥವಾ ಎನ್‌ಪಿಒಪಿ ಪ್ರಮಾಣಪತ್ರ ಪಡೆದಿರಬೇಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೇರೆಡೆಯ ಕಾಯಿಗೆ ಆ ಹೆಸರು ಹಚ್ಚಬಾರದು.

ಬೀಜದ ವಿಷಯದಲ್ಲಿ ಎಚ್ಚರ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ರೈತ ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಆದರೆ ಸಂರಕ್ಷಿತ ತಳಿಯ ಬೀಜವನ್ನು ತಳಿಯ ಹೆಸರು ಮುದ್ರಿಸಿದ ಪೊಟ್ಟಣದಲ್ಲಿ ಮಾರುವಂತಿಲ್ಲ.

ಗ್ರಾಹಕನ ದೂರು

2020ರ ಇ-ವಾಣಿಜ್ಯ ನಿಯಮಗಳಂತೆ ದೂರು ಬಂದರೆ 48 ಗಂಟೆಗಳೊಳಗೆ ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು. ಮಂಡ್ಯದ ರೈತನ ಮೇಲೆ ದೆಹಲಿಯಲ್ಲಿ ದೂರು ದಾಖಲಾಗಬಹುದು. ಮುನ್ನೂರು ರೂಪಾಯಿಯ ಪೊಟ್ಟಣಕ್ಕಾಗಿ ದೆಹಲಿಯ ವ್ಯಾಜ್ಯ ನಡೆಸುವುದಕ್ಕಿಂತ ಹಣ ವಾಪಸು ಮಾಡುವುದೇ ಜಾಣತನ.

ಅನುಸರಿಸಬೇಕಾದ ಕ್ರಮ

1. ಮಾರುವುದು ಬೆಳೆಯೋ ಸರಕೋ ಎಂದು ಮೊದಲು ತೀರ್ಮಾನಿಸಿ.
2. ಆಹಾರ ನೋಂದಣಿ ಮಾಡಿಸಿ, ಬಳಿಕ ಲೇಬಲ್ ಮುದ್ರಿಸಿ.
3. ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಉಚಿತ. ಹಣ ಕೇಳುವ ನಕಲಿ ತಾಣಗಳನ್ನು ನಂಬಬೇಡಿ.
4. ಮೊದಲ ವರ್ಷ ರಾಜ್ಯದೊಳಗೆ ಮಾರಿ ಅನುಭವ ಪಡೆದು, ಅನಂತರ ಜಿಎಸ್‌ಟಿ ನೋಂದಣಿಯೊಂದಿಗೆ ಹೊರರಾಜ್ಯಕ್ಕೆ ಹೋಗಿ.
5. ಪ್ರತಿ ಮಾರಾಟಕ್ಕೂ ಬಿಲ್ಲು ಕೊಟ್ಟು ಪ್ರತಿ ಇಟ್ಟುಕೊಳ್ಳಿ.

ಈ ಕಾನೂನುಗಳಿಗೆ ಅಂಜಿ ಹಿಂಜರಿಯಬೇಕಾಗಿಲ್ಲ. ಅಪರಿಚಿತ ಗ್ರಾಹಕ ನಿಮ್ಮನ್ನು ನಂಬಲು ಇವೇ ಆಧಾರ. ಸಂಶಯವಿದ್ದಲ್ಲಿ ಸಂಬಂಧಪಟ್ಟ ಇಲಾಖೆಯ ಅಧಿಕಾರಿಗಳನ್ನಾಗಲಿ, ಬಲ್ಲ ಲೆಕ್ಕಪರಿಶೋಧಕರನ್ನಾಗಲಿ ವಿಚಾರಿಸಿ ಮುಂದುವರಿಯಿರಿ. ಬೆಳೆದ ರೈತನೇ ಬೆಲೆ ನಿಗದಿ ಮಾಡುವ ಅವಕಾಶ ಅಪರೂಪ. ಅದನ್ನು ಸರಿಯಾದ ದಾರಿಯಲ್ಲಿ ಬಳಸಿಕೊಳ್ಳಬೇಕೆಂದು ಕೋರುತ್ತಾ ನನ್ನ ಮಾತು ಮುಗಿಸುತ್ತೇನೆ.