ಸಿಪ್ಪೆಯೊಳಗಿನ ಒಗರು

ನಾಲ್ಕು ರಾಗಿ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ. ಸಾಸಿವೆಯಷ್ಟೇ ಗಾತ್ರ, ಹೊರಗೆ ಇಟ್ಟಿಗೆ ಬಣ್ಣದ ತೆಳು ಸಿಪ್ಪೆ, ಒಳಗೆ ಬಿಳಿ ಹಿಟ್ಟು. ಭತ್ತವನ್ನು ಮಿಲ್ಲಿಗೆ ಕೊಟ್ಟರೆ ತೌಡು ಬೇರೆ, ಅಕ್ಕಿ ಬೇರೆ ಆಗಿ ಬರುತ್ತದೆ. ರಾಗಿಯ ಸಿಪ್ಪೆ ಹಾಗೆ ಸುಲಭಕ್ಕೆ ಬಿಡುವುದಿಲ್ಲ. ಒಳಗಿನ ತಿರುಳು ಮೆದು, ಸಿಪ್ಪೆ ಬಿಗಿ. ಹಾಗಾಗಿ ನಮ್ಮ ಹಿರಿಯರು ಕಾಳನ್ನು ಇಡಿಯಾಗಿಯೇ ಬೀಸಿದರು, ಮುದ್ದೆ ಕಂದಾಯಿತು. ಇಂದಿನ ಮಾತು ಆ ಕಂದು ಬಣ್ಣದ ಬಗ್ಗೆ.

ರಾಗಿಗೆ ಬಣ್ಣವನ್ನೂ ತುಸು ಒಗರನ್ನೂ ಕೊಡುವ ವಸ್ತುಗಳು ಪಾಲಿಫಿನಾಲ್‌ಗಳು. ಅವುಗಳ ಹೆಚ್ಚಿನ ಪಾಲು ಇರುವುದು ಸಿಪ್ಪೆಯಲ್ಲೇ. ಬಿಳಿ ರಾಗಿ ತಳಿಗಳಲ್ಲಿ ಬಲು ಕಡಿಮೆ. ಗಿಡ ಇವನ್ನು ಮಾಡಿಕೊಳ್ಳುವುದು ನಮಗಾಗಿ ಅಲ್ಲ, ಹುಳು, ಬೂಷ್ಟುಗಳಿಂದ ತನ್ನ ಬೀಜವನ್ನು ಕಾಯಲು. ನಾವು ತಿಂದಾಗ ಏನಾಗುತ್ತದೆ? ಮುದ್ದೆಯ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡಲು ಹೊಟ್ಟೆಯಲ್ಲಿ ಎರಡು ಬಗೆಯ ಕಿಣ್ವಗಳಿವೆ: ಮೇದೋಜೀರಕ ಗ್ರಂಥಿಯಿಂದ ಬರುವ ಅಮೈಲೇಸ್, ಕರುಳಿನ ಗೋಡೆಯಲ್ಲಿರುವ ಗ್ಲುಕೋಸಿಡೇಸ್. ರಾಗಿ ಸಿಪ್ಪೆಯ ಪಾಲಿಫಿನಾಲ್‌ಗಳು ಈ ಎರಡರ ಕೈಯನ್ನೂ ಹಿಡಿದು ನಿಧಾನ ಮಾಡುತ್ತವೆ ಎಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು. ಕಿಣ್ವ ನಿಧಾನವಾದರೆ ರಕ್ತಕ್ಕೆ ಸಕ್ಕರೆ ಒಮ್ಮೆಗೇ ನುಗ್ಗುವುದಿಲ್ಲ.

ಆದರೆ ಅದು ಪ್ರಯೋಗಾಲಯದಲ್ಲಿ ಕಂಡದ್ದು. ಊಟದ ತಟ್ಟೆಯಲ್ಲಿ ಲೆಕ್ಕ ಬೇರೆ. ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. "ರಾಗಿ ಅಲ್ವಾ, ಏನಾಗಲ್ಲ" ಎಂದು ಮೂರು ಮುದ್ದೆ ಇಳಿಸಿದರೆ ಸಕ್ಕರೆ ಏರಿಯೇ ಏರುತ್ತದೆ. ಇನ್ನು ಮೊಳಕೆ ಕಟ್ಟಿ, ನುಣ್ಣಗೆ ಬೀಸಿ, ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಕುಡಿಯುವ ರಾಗಿ ಮಾಲ್ಟಿನ ಕಥೆ ಕೇಳಲೇಬೇಡಿ. ಸಿಪ್ಪೆ ಬಟ್ಟೆಯ ಮೇಲೆ ಉಳಿಯಿತು, ಅರ್ಧ ಜೀರ್ಣವಾದ ಪಿಷ್ಟ ಲೋಟಕ್ಕೆ ಬಿತ್ತು. ಎಳೆ ಮಗುವಿಗೆ ಅದು ಸರಿ, ಐವತ್ತು ದಾಟಿದ ಶುಗರ್ ಪೇಶೆಂಟಿಗೆ ಅಲ್ಲ.

ಹಣ್ಣಿನ ವಿಷಯದಲ್ಲೂ ಇದೇ ಕಂಡಿದೆ. ಅಮೆರಿಕದ ಹಾರ್ವರ್ಡ್ ಸಂಶೋಧಕರು ಸುಮಾರು 1 ಲಕ್ಷ 87 ಸಾವಿರ ಜನರ ಊಟ-ತಿಂಡಿಯ ವಿವರವನ್ನು ವರ್ಷಗಟ್ಟಲೆ ಬರೆಸಿಕೊಂಡು 2013ರಲ್ಲಿ ಫಲಿತಾಂಶ ಕೊಟ್ಟರು. ಬ್ಲೂಬೆರಿ, ದ್ರಾಕ್ಷಿ, ಸೇಬನ್ನು ಇಡಿಯಾಗಿ ತಿನ್ನುತ್ತಿದ್ದವರಲ್ಲಿ ಟೈಪ್ 2 ಮಧುಮೇಹ ಕಡಿಮೆ. ಹಣ್ಣಿನ ಜ್ಯೂಸ್ ಹೆಚ್ಚು ಕುಡಿಯುತ್ತಿದ್ದವರಲ್ಲಿ ಹೆಚ್ಚು! ಬ್ಲೂಬೆರಿಯ ನೀಲಿಗೆ ಕಾರಣವಾದ ಆಂಥೋಸಯನಿನ್ ನಮ್ಮ ನೇರಳೆ ಹಣ್ಣಿನಲ್ಲೂ ಇದೆ, ನಾಲಿಗೆಯನ್ನು ನೇರಳೆ ಮಾಡುವುದು ಅದೇ. ಹಣ್ಣು ತಿನ್ನುವವರು ನಡೆದಾಡುವವರೂ ಆಗಿರಬಹುದು, ಸಿಗರೇಟು ಸೇದದವರೂ ಆಗಿರಬಹುದು. ಅಂಥ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿದೂಗಿಸಿದ್ದಾರೆ, ಪೂರ್ತಿ ಅಳಿಸುವುದು ಯಾರಿಂದಲೂ ಆಗದು.

ಹಾಗಾದರೆ ಆ ಒಳ್ಳೆಯ ವಸ್ತುವನ್ನಷ್ಟೇ ತೆಗೆದು ಮಾತ್ರೆ ಮಾಡಿದರೆ? ಗಿಡದ ಇನ್ನೊಂದು ಬಣ್ಣದ ವಸ್ತುವಿನಲ್ಲಿ ಅದನ್ನೂ ನೋಡಿದ್ದಾರೆ. ಕ್ಯಾರೆಟ್ಟಿನ ಬಣ್ಣವಾದ ಬೀಟಾ ಕ್ಯಾರೋಟಿನನ್ನು ದಿನ ಬಿಟ್ಟು ದಿನ ನುಂಗುವ ಪ್ರಯೋಗಕ್ಕೆ ಅಮೆರಿಕದಲ್ಲಿ ಸುಮಾರು 22 ಸಾವಿರ ವೈದ್ಯರು ಸೇರಿದರು. ಅರ್ಧ ಜನರಿಗೆ ನಿಜ ಮಾತ್ರೆ, ಉಳಿದವರಿಗೆ ಬರಿಯ ಹುಸಿ ಮಾತ್ರೆ. ಹನ್ನೆರಡು ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬಂದವರ ಸಂಖ್ಯೆ ಹೆಚ್ಚುಕಡಿಮೆ ಒಂದೇ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇಲ್ಲಿದೆ: ನಾರು, ಸಿಪ್ಪೆ, ಅಗಿಯುವ ಕೆಲಸ, ಹೊಟ್ಟೆ ತುಂಬಿದ ಭಾವನೆ, ಇವೆಲ್ಲದರ ಜೊತೆ ಬಂದಾಗಷ್ಟೇ ಈ ವಸ್ತುಗಳಿಗೆ ಬೆಲೆ.

"ಮತ್ತೆ ಗಿಡದಿಂದಲೇ ಔಷಧಿ ಬಂದಿಲ್ವಾ?" ಅಂತ ನೀವು ಕೇಳಬಹುದು. ಬಂದಿದೆ. ನಮ್ಮಲ್ಲಿ ಮನೆ ಮನೆಯಲ್ಲೂ ಇರುವ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್‌ನ ಮೂಲ ಯೂರೋಪಿನ ಗ್ಯಾಲೆಗಾ ಎಂಬ ಕಳೆಗಿಡ. ಅದರಲ್ಲಿರುವ ಗ್ಯಾಲೆಜಿನ್ ಸಕ್ಕರೆಯನ್ನೇನೋ ಇಳಿಸುತ್ತದೆ, ಆದರೆ ವಿಷ; ಮೇಯ್ದ ಕುರಿಗಳು ಸಾಯುತ್ತವೆ. ಅದೇ ರಾಸಾಯನಿಕ ಕುಟುಂಬದ ಮೆಟ್‌ಫಾರ್ಮಿನ್‌ ಅನ್ನು 1922ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರೂ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದ್ದು 1957ರಲ್ಲಿ. ಈಗ ಪ್ರತಿ ಗುಳಿಗೆ ಪೊಟ್ಟಣದ ಮೇಲೂ 500, 850 ಅಥವಾ 1000 ಎಂದು ಮಿಲಿಗ್ರಾಂ ನಮೂದಾಗಿರುತ್ತದೆ.

ಪಾರ್ಕಿನ ಗೇಟಿನ ಬಳಿ ಮಾರುವ ಹಾಗಲಕಾಯಿ ರಸದ ಲೋಟದ ಮೇಲೆ ಅಂಥ ಅಂಕಿ ಇಲ್ಲ, ಒಂದು ದಿನದ ಕಾಯಿಯಂತೆ ಮರುದಿನದ್ದು ಇರುವುದೂ ಇಲ್ಲ. ಸೋರೆಕಾಯಿ ರಸವಂತೂ ಕಹಿಯಾಗಿದ್ದರೆ ಉಗಿದುಬಿಡಿ: ಅದರಲ್ಲಿರುವ ಕುಕರ್ಬಿಟಾಸಿನ್ ವಿಷದಿಂದ ಜನ ಸತ್ತದ್ದೂ ಉಂಟು. ಕಹಿ ರಸವನ್ನು ನಂಬಿ ಮಾತ್ರೆ ಬಿಟ್ಟರೆ ಸಕ್ಕರೆ ಏರುತ್ತದೆ. ಮಾತ್ರೆ, ಇನ್ಸುಲಿನ್ ಜೊತೆಗೇ ಕುಡಿದರೆ ಒಮ್ಮೊಮ್ಮೆ ವಿಪರೀತ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಇಂಥ ರಸ ಕುಡಿಯುವ ಅಭ್ಯಾಸವಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಹಾಗಲಕಾಯಿ ಇಷ್ಟವಿದ್ದವರು ಪಲ್ಯ ಮಾಡಿಕೊಳ್ಳಿ, ಸಿಪ್ಪೆ ಹೆರೆಯದೆ, ಹಿಂಡದೆ. ಬೆಲ್ಲ ಮಾತ್ರ ಸ್ವಲ್ಪ ಕೈ ಬಿಗಿಹಿಡಿದು ಹಾಕಿ.