ಕೊಲೆಗಾರ ಹೊರಗಿನವನಲ್ಲ
(ಚಿತ್ರದುರ್ಗದಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಸೇರಿರುವುದು ಓಬವ್ವೆಯ ಊರಿನಲ್ಲಿ. ಕೋಟೆಯ ಕಿಂಡಿಯಿಂದ ನುಸುಳಿದ ಶತ್ರುಗಳನ್ನು ಆಕೆ ಒನಕೆಯಿಂದ ಎದುರಿಸಿದಳು. ಶತ್ರು ಹೊರಗಿನಿಂದ ಬಂದಿದ್ದ. ಇಂದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಂದಿರುವ ತಾಯಂದಿರೂ ಮಗಳಿಗೆ ಅಪರಿಚಿತರ ಬಗ್ಗೆಯೇ ಎಚ್ಚರಿಕೆ ಹೇಳುತ್ತಾರೆ. ವಾಸ್ತವ ಬೇರೆಯೇ ಇದೆ. ವಿಶ್ವಸಂಸ್ಥೆಯ ವರದಿಯಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 85,000 ಮಹಿಳೆಯರು ಮತ್ತು ಬಾಲಕಿಯರು ಹತ್ಯೆಗೀಡಾದರು. ಅವರಲ್ಲಿ ಸುಮಾರು 51,100 ಮಂದಿಯನ್ನು ಕೊಂದವರು ಪತಿ, ಸಂಗಾತಿ ಅಥವಾ ಕುಟುಂಬದವರು. ಅಂದರೆ ದಿನಕ್ಕೆ 140 ಜೀವ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡೋಣ. 1997ರಲ್ಲಿ ಬೆಂಗಳೂರಿನಲ್ಲಿ ದಾಖಲಾದ ಮಹಿಳೆಯರ ಅಸಹಜ ಸಾವುಗಳು 1,133. ಪೊಲೀಸರು ಕೊಲೆಯೆಂದು ಪರಿಗಣಿಸಿದ್ದು 157 ಮಾತ್ರ. 546 ಆತ್ಮಹತ್ಯೆಗಳಾದವು, 430 ಅಪಘಾತಗಳಾದವು. 'ವಿಮೋಚನಾ' ಸಂಘಟನೆಯ ಮಹಿಳೆಯರು ಈ ವರ್ಗೀಕರಣವನ್ನೇ ಪ್ರಶ್ನಿಸಿದರು. ಸ್ಟವ್ ಸಿಡಿಯಿತು ಎಂಬ ಒಂದು ವಾಕ್ಯ ಎಷ್ಟೋ ಕಡತಗಳನ್ನು ಮುಚ್ಚಿತ್ತು. ಅತ್ತೆ, ನಾದಿನಿಯರೂ ಉರಿಸುವ ಸ್ಟವ್ ಸೊಸೆಯ ಕೈಯಲ್ಲಿ ಮಾತ್ರ ಏಕೆ ಸಿಡಿಯಬೇಕು?

ಇನ್ನೊಂದು ಮಾದರಿಯೆಂದರೆ, ಹೆಣ್ಣು 'ಬೇಡ' ಎಂದಾಗ ನಡೆಯುವ ಕೊಲೆ. 2024ರಲ್ಲಿ ಹುಬ್ಬಳ್ಳಿಯಲ್ಲಿ ಒಂದು ತಿಂಗಳ ಅಂತರದಲ್ಲಿ ಇಬ್ಬರು ಯುವತಿಯರು ಇರಿತಕ್ಕೆ ಬಲಿಯಾದರು. ಏಪ್ರಿಲ್ 18ರಂದು ಒಬ್ಬಳು ಕಾಲೇಜು ಆವರಣದಲ್ಲಿ, ಮೇ 15ರಂದು ಇನ್ನೊಬ್ಬಳು ತನ್ನ ಮನೆಯಲ್ಲಿಯೇ. ಆರೋಪಿಗಳ ಧರ್ಮ ಬೇರೆ ಬೇರೆ. ಆದರೆ ಆರೋಪ ಒಂದೇ: ನಿರಾಕರಣೆಯನ್ನು ಸಹಿಸದ ಗಂಡಿನ ಅಹಂಕಾರ. ಮೊದಲನೆಯದು ಧರ್ಮದ ಹೆಸರಿನಲ್ಲಿ ಚುನಾವಣೆಯ ಸರಕಾಯಿತು. ಅದನ್ನು ಖಂಡಿಸುವ ಹಕ್ಕು ನಮಗಿದೆ. ಆದರೆ ಆರೋಪಿಯ ಹೆಸರು ನೋಡಿ ನಮ್ಮ ದುಃಖವನ್ನು ಅಳೆಯುವ ಹಕ್ಕು ನಮಗಿಲ್ಲ. ಧಾರವಾಡದ ಮುಸ್ಲಿಮ್ ವ್ಯಾಪಾರಿಗಳು ಅಂದು ಅಂಗಡಿ ಮುಚ್ಚಿ ಆ ಮಗಳಿಗಾಗಿ ನ್ಯಾಯ ಕೇಳಿದರು. ಅದುವೇ ಸರಿಯಾದ ದಾರಿ.

ಇನ್ನು ನಮ್ಮ ಮನೆಗಳ ಮಾತು. ಮಹ್ರ್ ಗಂಡು ಹೆಣ್ಣಿಗೆ ಕೊಡಬೇಕಾದದ್ದು. ನಾವು ಅದನ್ನು ಕಾಗದದಲ್ಲಿ ಬರೆದು, ವರದಕ್ಷಿಣೆಯನ್ನು ನಗದಾಗಿ ಎಣಿಸಿಕೊಳ್ಳುತ್ತೇವೆ. ಏಟು ತಿಂದು ತವರಿಗೆ ಬಂದ ಮಗಳಿಗೆ 'ಸಬ್ರ್ ಮಾಡು' ಎಂದು ಹೇಳಿ ಮರಳಿ ಬಸ್ ಹತ್ತಿಸುತ್ತೇವೆ. ಅಕ್ರಮಿಗೆ ಅವಕಾಶ ಕೊಡುವುದು ಸಬ್ರ್ ಹೇಗಾದೀತು? ಜೀವಂತ ಹೂಳಲ್ಪಟ್ಟ ಹೆಣ್ಣು ಮಗುವಿನ ಬಗ್ಗೆ ಅಂತಿಮ ದಿನದಂದು ವಿಚಾರಣೆಯಿದೆ ಎಂದು ಕುರ್‌ಆನ್ ಎಚ್ಚರಿಸಿರುವುದನ್ನು ಮಿಂಬರಿನಲ್ಲಿ ಹೇಳುವ ನಾವು, ಮರಳಿ ಕಳುಹಿಸಿದ ಮಗಳ ಬಗ್ಗೆ ಏನು ಉತ್ತರ ಕೊಡುವೆವು?

ಮದುವೆಯಾದ ಏಳು ವರ್ಷದೊಳಗೆ, ವರದಕ್ಷಿಣೆ ಕಿರುಕುಳದ ಹಿನ್ನೆಲೆಯಲ್ಲಿ ಹೆಣ್ಣು ಅಸಹಜವಾಗಿ ಸತ್ತರೆ ಅದನ್ನು ವರದಕ್ಷಿಣೆ ಸಾವೆಂದು ಕಾನೂನು 1986ರಿಂದಲೇ ಪರಿಗಣಿಸುತ್ತಿದೆ. ಅದು ಸಾವಿನ ನಂತರದ ಕಾನೂನು. ಸಾವಿಗೆ ಮೊದಲೇ ನೆರವಾಗಲು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ರಕ್ಷಣಾದೇಶವನ್ನೂ ಅದು ಕೊಡುತ್ತದೆ. 181 ಸಹಾಯವಾಣಿಯಿದೆ. ನಮ್ಮ ಜಮಾಅತ್‌ಗಳು ರಾಜಿ ಮಾಡಿಸುವ ಮೊದಲು ಹೆಣ್ಣನ್ನು ಪ್ರತ್ಯೇಕವಾಗಿ ಕೂರಿಸಿ ಒಂದು ಪ್ರಶ್ನೆ ಕೇಳಲಿ: "ಆ ಮನೆಗೆ ಹೋಗಲು ನಿನಗೆ ಭಯವಿದೆಯೇನಮ್ಮಾ?" ಹೌದೆಂದರೆ ರಾಜಿ ಅಲ್ಲಿಗೇ ನಿಲ್ಲಲಿ. ತವರಿನ ಬಾಗಿಲು ಆಕೆಗೆ ತೆರೆದಿರಲಿ.